ತಾರಸಿಯ ಡಿಶ್‌ಗೆ ಕರೆಂಟು ಹತ್ತುವ ದಾರಿ

ಡಿಶ್ ಎಂಬ ತಗಡಿನ ಬಟ್ಟಲಿಗೆ ಕರೆಂಟು ಬೇಕಿಲ್ಲ. ಅದರ ತೋಳಿನ ತುದಿಯಲ್ಲಿ ಕೂತು ಸಿಗ್ನಲ್ ಹಿಡಿಯುವ ಪುಟ್ಟ ಡಬ್ಬಿ, ಎಲ್‌ಎನ್‌ಬಿಗೆ ಬೇಕು. ಆ ಕರೆಂಟು ಬೇರೆ ತಂತಿಯಲ್ಲಿ ಹೋಗುವುದಿಲ್ಲ. ಸಿಗ್ನಲ್ ಕೆಳಗಿಳಿಯುವ ಕೇಬಲ್ಲಿನಲ್ಲೇ, ರಿಸೀವರ್ ಬಾಕ್ಸಿನಿಂದ ಮೇಲಕ್ಕೆ ಹತ್ತುತ್ತದೆ. ಚಾನೆಲ್ ಬರಲಿಲ್ಲ ಎಂದಾಗ ಎಲ್ಲರೂ ಮೊದಲು ಏಣಿ ಹತ್ತಿ ಡಿಶ್ ತಿರುಗಿಸುತ್ತಾರೆ. ಸರಿಯಾಗಿ ಕೂತಿದ್ದ ಡಿಶ್ಶೂ ಅಲ್ಲಿಗೆ ಕೆಡುತ್ತದೆ. ನಮ್ಮ ಕೈಗೆ ಬರುವ ದೂರುಗಳಲ್ಲಿ ಬಹಳಷ್ಟು ಸಿಗ್ನಲ್ಲಿನ ದೂರುಗಳಲ್ಲ, ವೋಲ್ಟೇಜಿನ ದೂರುಗಳು. ಹಾಗಾಗಿ ನಾವು ಸ್ಪ್ಯಾನರ್‌ಗಿಂತ ಮೊದಲು ಮಲ್ಟಿಮೀಟರ್ ಹಿಡಿಯುತ್ತೇವೆ.

ಇಲ್ಲಿ ವಿವರಿಸುವುದು ನಮ್ಮ ಕಡೆ ಸಾಮಾನ್ಯವಾಗಿ ಕಾಣುವ ಒಂದು ಮನೆಯ ಜೋಡಣೆ. ತಾರಸಿಯಲ್ಲಿ 6 ಅಡಿಯ ಸಿ ಬ್ಯಾಂಡ್ ಛತ್ರಿ, ಪಕ್ಕದಲ್ಲಿ ಡಿಡಿ ಫ್ರೀ ಡಿಶ್‌ಗೆಂದು ಚಿಕ್ಕದೊಂದು ಕೆಯು ಬ್ಯಾಂಡ್ ಡಿಶ್, ಎರಡನ್ನೂ ಒಂದೇ ಕೇಬಲ್ಲಿಗೆ ತರುವ ಡೈಸೆಕ್ ಸ್ವಿಚ್, ಅಲ್ಲಿಂದ ಕೆಳಗೆ 30 ಮೀಟರ್ ಆರ್‌ಜಿ-6 ಕೇಬಲ್, ಕೆಳಗೆ 12 ವೋಲ್ಟ್ ಅಡಾಪ್ಟರಿನ ರಿಸೀವರ್. (ಸಿ, ಕೆಯು ಎಂಬುವು ಉಪಗ್ರಹಗಳು ಬಳಸುವ ಎರಡು ಆವರ್ತನ ಪಟ್ಟಿಗಳು.) ಫ್ರೀ ಡಿಶ್ ಬರುವುದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿರುವ ಜಿಸ್ಯಾಟ್-15ರಿಂದ. 2015ರ ನವೆಂಬರಿನಲ್ಲಿ ಹಾರಿದ ಈ ಉಪಗ್ರಹವನ್ನು ನೋಡಿಕೊಳ್ಳುವುದು ನಮ್ಮ ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. ಅಷ್ಟು ದೂರದಿಂದ ಬರುವ ಸಿಗ್ನಲ್ ತೀರಾ ಕ್ಷೀಣ. ಅದನ್ನು ಡಿಶ್ ಬಾಯಲ್ಲೇ ಹಿಗ್ಗಿಸಿ, ಕೇಬಲ್ಲಿನಲ್ಲಿ ಹರಿಯಬಲ್ಲ ಆವರ್ತನಕ್ಕೆ ಇಳಿಸುವ ಕೆಲಸ ಎಲ್‌ಎನ್‌ಬಿಯದು. ವಿದ್ಯುತ್ ಬೇಕಾಗಿರುವುದು ಇದಕ್ಕೇ.

ಬಾಕ್ಸು ಕೊಡುವ ವೋಲ್ಟೇಜು ವಿದ್ಯುತ್ತೂ ಹೌದು, ಆಜ್ಞೆಯೂ ಹೌದು. 13 ವೋಲ್ಟ್ ಕೊಟ್ಟರೆ ಎಲ್‌ಎನ್‌ಬಿ ವರ್ಟಿಕಲ್ ಸಿಗ್ನಲ್ (ನೆಟ್ಟಗೆ ಕಂಪಿಸುವ ಅಲೆ) ಹಿಡಿಯುತ್ತದೆ, 18 ಕೊಟ್ಟರೆ ಹಾರಿಜಾಂಟಲ್ (ಅಡ್ಡಕ್ಕೆ ಕಂಪಿಸುವ ಅಲೆ). ಅದೇ ವೋಲ್ಟೇಜಿನ ಮೇಲೆ 22 ಕಿಲೋಹರ್ಟ್ಸ್‌ನ ಸಣ್ಣ ಕಂಪನ ಕೂರಿಸಿದರೆ, ಯೂನಿವರ್ಸಲ್ ಕೆಯು ಎಲ್‌ಎನ್‌ಬಿ ತನ್ನೊಳಗಿನ ಆಸಿಲೇಟರನ್ನು 9750 ಮೆಗಾಹರ್ಟ್ಸ್‌ನಿಂದ 10600ಕ್ಕೆ ಬದಲಿಸಿಕೊಳ್ಳುತ್ತದೆ. ಡೈಸೆಕ್ ಸ್ವಿಚ್ಚಿಗೆ ಹೋಗುವ ಆಜ್ಞೆಯೂ ಇದೇ ಕಂಪನವನ್ನು ಬಿಟ್ಟು ಬಿಟ್ಟು ಕಳಿಸುವ ಸಂಕೇತ. ಆ ಕಂಪನದ ಎತ್ತರ ಸುಮಾರು 0.6 ವೋಲ್ಟ್ ಮಾತ್ರ. ಇಷ್ಟು ನೆನಪಿದ್ದರೆ ಅರ್ಧ ರೋಗ ಮನೆಯೊಳಗೇ ಕೂತು ಗುರುತಿಸಬಹುದು. ವರ್ಟಿಕಲ್ ಚಾನೆಲ್ಲುಗಳೆಲ್ಲ ಬಂದು ಹಾರಿಜಾಂಟಲ್ ಒಂದೂ ಬರದಿದ್ದರೆ ಅದು ಡಿಶ್ ತಿರುಗಿದ ಲಕ್ಷಣವಲ್ಲ. ಹೊರಟ 18 ವೋಲ್ಟ್ ಮೇಲೆ ಮುಟ್ಟುವಷ್ಟರಲ್ಲಿ 15ಕ್ಕೋ ಅದರ ಕೆಳಕ್ಕೋ ಇಳಿದಿದೆ, ಎಲ್‌ಎನ್‌ಬಿ ಅದನ್ನು 13 ಎಂದೇ ತಿಳಿದಿದೆ.

ಅಡಾಪ್ಟರಿನಿಂದ ಶುರು ಮಾಡೋಣ. ಬಾಕ್ಸಿಗೆ ಒಳಬರುವುದು 12 ವೋಲ್ಟ್. 13 ಮತ್ತು 18ನ್ನು ಬಾಕ್ಸು ತನ್ನೊಳಗೇ ಏರಿಸಿ ತಯಾರಿಸುತ್ತದೆ. ಲೆಕ್ಕ ನೋಡಿ: ಬಾಕ್ಸಿನ ಸ್ವಂತ ಖರ್ಚು 6ರಿಂದ 8 ವ್ಯಾಟ್. ಮೇಲೆ ಎಲ್‌ಎನ್‌ಬಿ, ಸ್ವಿಚ್, ಕೆಲವರು ಚಿಕ್ಕ ಡಿಶ್ ತಿರುಗಿಸಲು ಇದೇ ಕೇಬಲ್ಲಿಗೆ ಹಾಕುವ ಮೋಟಾರು ಸೇರಿ 18 ವೋಲ್ಟಿನಲ್ಲಿ 500 ಮಿಲಿಆಂಪ್ ಎಳೆದರೆ 9 ವ್ಯಾಟ್, ಏರಿಸುವಾಗ ಆಗುವ ನಷ್ಟ ಸೇರಿಸಿದರೆ ಹತ್ತು ದಾಟುತ್ತದೆ. ಜೊತೆಗೆ ಬಂದ 12 ವೋಲ್ಟ್ 1 ಆಂಪಿನ ಅಡಾಪ್ಟರ್ ಕೊಡಬಲ್ಲದ್ದು 12 ವ್ಯಾಟ್. ಹಾರಿಜಾಂಟಲ್ ಚಾನೆಲ್ಲಿಗೆ ಹೋದ ತಕ್ಷಣ, ಇಲ್ಲವೇ ಡಿಶ್ ಮೋಟಾರು ತಿರುಗಲು ಶುರುವಾದ ತಕ್ಷಣ ಬಾಕ್ಸು ಆಫ್ ಆಗಿ ಮತ್ತೆ ಬೂಟ್ ಆಗುತ್ತಿದ್ದರೆ ಕಾರಣ ಇದೇ. ಬಾಕ್ಸು ಕೆಟ್ಟಿದೆ ಎಂದು ಹೊಸದು ತಂದವರು ಎಷ್ಟೋ ಮಂದಿ. ಒಂದು 2 ಆಂಪಿನ ಅಡಾಪ್ಟರ್ ಸಾಕಿತ್ತು.

ಆಂಪ್ ಹೆಚ್ಚಾದರೆ ಬಾಕ್ಸು ಸುಟ್ಟೀತು ಎಂಬ ಹೆದರಿಕೆ ಬೇಡ. ಆಂಪ್ ಎಂದರೆ ಅಡಾಪ್ಟರಿನ ತಾಕತ್ತು, ಬಾಕ್ಸು ತನಗೆ ಬೇಕಾದಷ್ಟನ್ನೇ ಎಳೆಯುತ್ತದೆ. ವೋಲ್ಟೇಜ್ ಮಾತ್ರ 12 ಇರಲೇಬೇಕು. ಪಿನ್ನಿನ ಅಳತೆ ಹೆಚ್ಚಾಗಿ 5.5 ಮಿ.ಮೀ. ಹೊರಗೆ, 2.1 ಒಳಗೆ, ನಡುವಿನದು ಪ್ಲಸ್. ಆದರೂ ಬಾಕ್ಸಿನ ಹಿಂದೆ ಮತ್ತು ಅಡಾಪ್ಟರಿನ ಮೇಲೆ ಮುದ್ರಿಸಿದ ಚಿಹ್ನೆ ಎರಡನ್ನೂ ಹೊಂದಿಸಿ ನೋಡದೆ ಚುಚ್ಚಬೇಡಿ. ಮನೆಯಲ್ಲಿ ಬಿದ್ದಿರುವ ಪ್ರಿಂಟರಿನ ಅಡಾಪ್ಟರೂ ಅದೇ ಪಿನ್ನಿನದಾಗಿರಬಹುದು, ಒಳಗೆ 24 ವೋಲ್ಟ್ ಇರಬಹುದು. ಕೊಳ್ಳುವಾಗ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಗುರುತು, ಅದರ ಜೊತೆ 'ಆರ್' ಅಕ್ಷರದಿಂದ ಶುರುವಾಗುವ ಸಂಖ್ಯೆ ಇದೆಯೇ ನೋಡಿ. ಅಂಥ ಗುರುತಿಲ್ಲದ ಅಗ್ಗದ ಅಡಾಪ್ಟರಿನೊಳಗೆ 230 ವೋಲ್ಟಿನ ಬದಿಗೂ 12 ವೋಲ್ಟಿನ ಬದಿಗೂ ನಡುವೆ ಬಿಟ್ಟಿರುವ ಅಂತರ ಎಷ್ಟು ಎಂದು ಹೊರಗಿನಿಂದ ಹೇಳುವವರು ಯಾರೂ ಇಲ್ಲ. ಆ ಅಂತರ ಸೋತರೆ ಮೇನ್ಸ್ ನೇರ ತಾರಸಿಯ ಡಿಶ್‌ಗೆ ಹೋಗುತ್ತದೆ.

ಅಡಾಪ್ಟರನ್ನು ಖಾಲಿಯಾಗಿ ಅಳೆದರೆ ಸತ್ಯ ತಿಳಿಯುವುದಿಲ್ಲ. ಖಾಲಿಯಿದ್ದಾಗ ಎಲ್ಲವೂ 12 ತೋರಿಸುತ್ತವೆ. 10 ಓಂ, 25 ವ್ಯಾಟಿನ ತಂತಿ ಸುತ್ತಿದ ರೆಸಿಸ್ಟರ್ ಒಂದನ್ನು ಅಡ್ಡ ಹಾಕಿ ಅಳೆಯಿರಿ. 1.2 ಆಂಪ್ ಹರಿಯುತ್ತದೆ. 2 ಆಂಪ್ ಎಂದು ಬರೆದ ಅಡಾಪ್ಟರ್ ಆಗಲೂ 11.5ಕ್ಕಿಂತ ಮೇಲಿರಬೇಕು. ರೆಸಿಸ್ಟರ್ ಅರ್ಧ ನಿಮಿಷದಲ್ಲೇ ಕೈ ಸುಡುವಷ್ಟು ಕಾಯುತ್ತದೆ, ಹೆಂಚಿನ ತುಂಡಿನ ಮೇಲಿಟ್ಟು ಮಾಡಿ. ಸೋತ ಅಡಾಪ್ಟರನ್ನು ಬಿಚ್ಚಿ ರಿಪೇರಿ ಮಾಡಲು ಹೋಗಬೇಡಿ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 325 ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ.

ಇನ್ನು ಕೇಬಲ್. ಆರ್‌ಜಿ-6 ಎಂದು ಮೇಲೆ ಬರೆದಿರುವುದೆಲ್ಲ ಒಂದೇ ಅಲ್ಲ. ನಡುವಿನ ತಂತಿ ಅಪ್ಪಟ ತಾಮ್ರದ್ದಿರಬಹುದು, ತಾಮ್ರ ಲೇಪಿಸಿದ ಉಕ್ಕಿನದ್ದಿರಬಹುದು. ಸಿಗ್ನಲ್ಲಿನ ಮಟ್ಟಿಗೆ ಎರಡೂ ಹೆಚ್ಚುಕಡಿಮೆ ಸಮ, ಏಕೆಂದರೆ ಅಷ್ಟು ಎತ್ತರದ ಆವರ್ತನ ತಂತಿಯ ಹೊರಮೈಯಲ್ಲೇ ಹರಿಯುತ್ತದೆ, ಹೊರಮೈ ಎರಡರಲ್ಲೂ ತಾಮ್ರ. ಡಿಸಿ ಹಾಗಲ್ಲ. ಅದಕ್ಕೆ ತಂತಿಯ ಇಡೀ ಒಡಲು ಬೇಕು, ಒಡಲು ಉಕ್ಕಾದರೆ ಅಡ್ಡಿ ನಾಲ್ಕೈದು ಪಟ್ಟು. ಅಂಗಡಿಯಲ್ಲೇ ಪರೀಕ್ಷಿಸಲು ಜೇಬಿನಲ್ಲೊಂದು ಆಯಸ್ಕಾಂತ ಸಾಕು: ನಡುವಿನ ತಂತಿ ಅಂಟಿದರೆ ಉಕ್ಕು.

ಮನೆಗೆ ಈಗಾಗಲೇ ಎಳೆದಿರುವ ಕೇಬಲ್ಲನ್ನು ಹೀಗೆ ಅಳೆಯುತ್ತೇವೆ. ಎರಡೂ ತುದಿ ಬಿಚ್ಚಿ, ಮೊದಲು ನಡುತಂತಿಗೂ ಅದರ ಸುತ್ತ ಹೆಣೆದ ತಂತಿಯ ಜಾಲರಿಗೂ ನಡುವೆ ಓಂ ನೋಡುವುದು. ಮೀಟರ್ ಏನೂ ತೋರಿಸಬಾರದು. ಕೆಲವು ಸಾವಿರ ಓಂ ತೋರಿಸಿದರೆ ಕೇಬಲ್ಲಿನೊಳಗೆ ನೀರಿದೆ. ಆಮೇಲೆ ಮೇಲಿನ ತುದಿಯಲ್ಲಿ ಎರಡನ್ನೂ ಒಂದು ಕ್ಲಿಪ್ಪಿನಿಂದ ಜೋಡಿಸಿ, ಕೆಳಗಿನಿಂದ ಅಳೆಯುವುದು. ಮೀಟರಿನ ವೈರುಗಳ ಸ್ವಂತ ಓಂ ಕಳೆದ ಮೇಲೆ, 30 ಮೀಟರಿಗೆ ತಾಮ್ರದ್ದಾದರೆ ಒಂದೂವರೆ ಓಂ ಆಸುಪಾಸು, ಉಕ್ಕಿನದ್ದಾದರೆ ನಾಲ್ಕರ ಹತ್ತಿರ ಬರುತ್ತದೆ. ನಾಲ್ಕು ಓಂ ಕೇಬಲ್ಲಿನಲ್ಲಿ 200 ಮಿಲಿಆಂಪ್ ಹರಿದರೆ ಕಳೆದುಹೋಗುವುದು 0.8 ವೋಲ್ಟ್. ಒಂಟಿ ಎಲ್‌ಎನ್‌ಬಿಗೆ ಪರವಾಗಿಲ್ಲ. ಮೋಟಾರು ಸೇರಿ 500 ಮಿಲಿಆಂಪ್ ಆದರೆ 2 ವೋಲ್ಟ್ ಹೋಯಿತು. 18 ಹೊರಟದ್ದು 16 ಆಗಿ, 13 ಹೊರಟದ್ದು 11 ಆಗಿ ಮುಟ್ಟುತ್ತದೆ. ಎರಡೂ ಅಂಚಿನಲ್ಲಿರುವ ಅಂಕಿ. ಇದರ ಮೇಲೆ ಒಂದು ಕಿಲುಬು ಹಿಡಿದ ಜಾಯಿಂಟ್ ಸೇರಿದರೆ ಮುಗಿಯಿತು.

ಅದಕ್ಕೇ ನಾವು ಮುಖ್ಯ ಅಳತೆಯನ್ನು ಮೇಲೆ, ಎಲ್‌ಎನ್‌ಬಿ ಕೆಲಸ ಮಾಡುತ್ತಿರುವಾಗಲೇ ತೆಗೆಯುತ್ತೇವೆ. ಎಲ್‌ಎನ್‌ಬಿ ಬಿಚ್ಚಿ ಖಾಲಿ ಕೇಬಲ್ಲಿಗೆ ಮೀಟರ್ ಇಟ್ಟರೆ ಹಾಳಾದ ಕೇಬಲ್ಲೂ 18 ತೋರಿಸುತ್ತದೆ, ಕರೆಂಟು ಹರಿಯದಿದ್ದಾಗ ನಷ್ಟವೂ ಇರುವುದಿಲ್ಲವಲ್ಲ. ಎರಡೂ ಕವಲಿನಲ್ಲಿ ಡಿಸಿ ಹಾಯುವ ಎರಡು ದಾರಿಯ ಸ್ಪ್ಲಿಟರ್ ಒಂದನ್ನು ಮೇಲಿನ ತುದಿಗೆ ಹಾಕಿ, ಒಂದು ಕವಲಿಗೆ ಎಲ್‌ಎನ್‌ಬಿ, ಇನ್ನೊಂದಕ್ಕೆ ಗೇಣುದ್ದದ ಕೇಬಲ್ ತುಂಡು. ಆ ತುಂಡಿನ ಬಾಯಲ್ಲಿ ಮೀಟರಿಡಿ. ಸ್ಪ್ಲಿಟರ್ ಇಲ್ಲದಿದ್ದರೆ ಎಲ್‌ಎನ್‌ಬಿ ಬದಲು 100 ಓಂ, 10 ವ್ಯಾಟಿನ ರೆಸಿಸ್ಟರ್ ಹಚ್ಚಿ ಅಳೆಯಬಹುದು, 18 ವೋಲ್ಟಿಗೆ 180 ಮಿಲಿಆಂಪ್ ಎಳೆಯುತ್ತದೆ. ಕೆಳಗೆ ಕೂತವರಿಗೆ ಫೋನಿನಲ್ಲಿ ಹೇಳಿ ವರ್ಟಿಕಲ್ ಚಾನೆಲ್ ಒಂದು, ಹಾರಿಜಾಂಟಲ್ ಒಂದು ಹಾಕಿಸಿ. ಮೊದಲನೆಯದಕ್ಕೆ 12ರಿಂದ 14ರೊಳಗೆ, ಎರಡನೆಯದಕ್ಕೆ 16.5ಕ್ಕಿಂತ ಮೇಲೆ ಬಂದರೆ ವಿದ್ಯುತ್ತಿನ ಕಡೆ ನೆಮ್ಮದಿ. ಆಗ ಮಾತ್ರ ಡಿಶ್ಶಿನ ಬೋಲ್ಟ್ ಮುಟ್ಟಬಹುದು.

ಇದೊಂದು ಅಳತೆ ಬಿಟ್ಟರೆ ಮಿಕ್ಕ ಯಾವ ಕೆಲಸವನ್ನೂ ಬಾಕ್ಸು ಆನ್ ಇರುವಾಗ ಮಾಡಬಾರದು. ರಿಮೋಟಿನಿಂದ ಆಫ್ ಮಾಡಿದರೆ ಸಾಲದು, ಸ್ಟ್ಯಾಂಡ್‌ಬೈನಲ್ಲೂ ಕೇಬಲ್ಲಿಗೆ ವೋಲ್ಟೇಜ್ ಬಿಡುವ ಬಾಕ್ಸುಗಳಿವೆ. ಗೋಡೆಯಿಂದಲೇ ಪ್ಲಗ್ ಕಿತ್ತು ಮೇಲೆ ಹೋಗಬೇಕು. 18 ವೋಲ್ಟ್ ಮನುಷ್ಯನಿಗೆ ಏನೂ ಮಾಡದು ಎಂಬುದು ನಿಜ, ಬಾಕ್ಸಿಗೆ ಮಾಡುತ್ತದೆ. ಕೇಬಲ್ ತುದಿಯ ಎಫ್ ಕನೆಕ್ಟರ್ ತಿರುಗಿಸುವಾಗ ಜಾಲರಿಯ ಒಂದೇ ಒಂದು ಕೂದಲೆಳೆ ನಡುತಂತಿಗೆ ತಾಗಿದರೆ ಶಾರ್ಟ್. ಒಳ್ಳೆ ಬಾಕ್ಸು ಪರದೆ ಮೇಲೆ ಎಚ್ಚರಿಸಿ ವೋಲ್ಟೇಜ್ ತಡೆಯುತ್ತದೆ. ಅಗ್ಗದ ಬಾಕ್ಸಿನಲ್ಲಿ ಏರಿಸುವ ಭಾಗವೇ ಸುಡುತ್ತದೆ, ಆಮೇಲೆ ಬಾಕ್ಸು ಎಂದಿನಂತೆ ಆನ್ ಆಗುತ್ತದೆ, ಮೆನು ಬರುತ್ತದೆ, ಚಾನೆಲ್ ಮಾತ್ರ ಎಂದೂ ಬರುವುದಿಲ್ಲ.

ಕನೆಕ್ಟರ್ ಹಾಕುವ ಕ್ರಮ ಹೀಗೆ. ಹೊರಗಿನ ಕಪ್ಪು ಸಿಪ್ಪೆಯನ್ನು 12–13 ಮಿ.ಮೀ. ತೆಗೆಯಿರಿ, ಜಾಲರಿಯನ್ನು ಪೂರ್ತಿ ಹಿಂದಕ್ಕೆ ಮಡಚಿ, ಒಳಗಿನ ಬಿಳಿ ಫೋಮನ್ನು ಕೊಯ್ದು ತೆಗೆಯಿರಿ. ಕನೆಕ್ಟರ್ ಕೂರಿಸಿದ ಮೇಲೆ ಬಿಳಿ ಫೋಮು ಕನೆಕ್ಟರಿನ ಒಳತಳಕ್ಕೆ ಸಮನಾಗಿ ಕೂತಿರಬೇಕು, ನಡುತಂತಿ ಬಾಯಿಂದ 2–3 ಮಿ.ಮೀ. ಮಾತ್ರ ಚಾಚಿರಬೇಕು. ಉದ್ದವಾದರೆ ಎಲ್‌ಎನ್‌ಬಿಯ ಒಳಗಿನ ಹಿಡಿಕೆಯನ್ನೇ ಚುಚ್ಚಿ ಮುರಿಯುತ್ತದೆ, ಗಿಡ್ಡವಾದರೆ ಬಿಸಿಲಲ್ಲಿ ತಾಗಿ ಇಬ್ಬನಿಯಲ್ಲಿ ಬಿಡುತ್ತದೆ. ಚಾಕು ತಂತಿಗೆ ಗೀರು ಹಾಕಬಾರದು. ತಾಮ್ರದ ಲೇಪ ಹೋದ ಜಾಗದಲ್ಲಿ ಉಕ್ಕು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ತಿರುಗಿಸಿ ಹಾಕುವ ಕನೆಕ್ಟರಿಗಿಂತ ಒತ್ತಿ ಕೂರಿಸುವ ಕಂಪ್ರೆಷನ್ ಕನೆಕ್ಟರ್ ಎಷ್ಟೋ ಮೇಲು. ಅದರ ಉಪಕರಣಕ್ಕೆ ಕೊಟ್ಟ ದುಡ್ಡು ವ್ಯರ್ಥವಾಗುವುದಿಲ್ಲ.

ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಈ ಜಾಯಿಂಟೇ ಮುಖ್ಯ ಶತ್ರು. ಒದ್ದೆಯಾದ ಜಾಗದಲ್ಲಿ ಡಿಸಿ ನಿರಂತರ ಹರಿದರೆ, ಪ್ಲಸ್ ಆಗಿರುವ ನಡುತಂತಿ ಕರಗುತ್ತಾ ಹೋಗಿ ಹಸಿರು ಪುಡಿಯಾಗುತ್ತದೆ. ಬರೀ ಮಳೆಗೆ ಹಿಡಿಯುವ ಕಿಲುಬಿಗಿಂತ ಇದು ಬಹಳ ವೇಗ. ಎಲ್‌ಎನ್‌ಬಿಯ ಬಾಯಿ ಕೆಳಮುಖವಿರಲಿ. ಕೇಬಲ್ ಅಲ್ಲಿಂದ ಒಂದು ಗೇಣು ಕೆಳಗೆ ತೂಗಿ ಬಾಗಿ ಆಮೇಲೆ ತೋಳಿನ ಮೇಲೆ ಬರಲಿ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಎಳೆದು ಸುತ್ತಿದರೆ ತನ್ನಷ್ಟಕ್ಕೆ ಒಂದಾಗುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ. ಹುಳಿ ವಾಸನೆಯ ಸಿಲಿಕಾನ್ ಬಳಿಯಬೇಡಿ, ಅದರಿಂದ ಹೊರಬರುವ ಆಮ್ಲವೇ ತಾಮ್ರವನ್ನು ತಿನ್ನುತ್ತದೆ.

ಈಗ ಅತಿ ಹೆಚ್ಚು ಜನ ಹೆದರುವ, ಕೆಲವೊಮ್ಮೆ ಹೆದರಲೇಬೇಕಾದ ವಿಷಯ: ಡಿಶ್ ಮುಟ್ಟಿದರೆ ಜುಮ್ಮೆನ್ನುವುದು. ಟೆಸ್ಟರ್ ಇಟ್ಟರೆ ಸಣ್ಣಗೆ ಉರಿಯುತ್ತದೆ, ಮೀಟರ್ ಇಟ್ಟರೆ ಅರ್ತ್‌ಗೂ ಡಿಶ್‌ಗೂ ನೂರರ ಆಸುಪಾಸು ವೋಲ್ಟ್ ತೋರಿಸಬಹುದು. ಎರಡು ಪಿನ್ನಿನ ಅಡಾಪ್ಟರಿನೊಳಗೆ ರೇಡಿಯೋ ಗದ್ದಲ ತಡೆಯಲು ಮೇನ್ಸ್ ಬದಿಗೂ ಔಟ್‌ಪುಟ್ ಬದಿಗೂ ಒಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಅದು 2.2 ನ್ಯಾನೋಫ್ಯಾರಡ್ ಇದ್ದರೆ ಅದರ ಮೂಲಕ ಸೋರಬಲ್ಲ ಕರೆಂಟು ಹೆಚ್ಚೆಂದರೆ 0.16 ಮಿಲಿಆಂಪ್. ಬಾಕ್ಸು, ಟಿವಿ, ಸೌಂಡ್‌ಬಾರ್ ಎಲ್ಲ ಕೇಬಲ್ಲಿನಿಂದ ಜೋಡಿಸಿದ್ದರೆ ಸೋರಿಕೆ ಕೂಡುತ್ತದೆ. ಅದರಿಂದ ಯಾರೂ ಸಾಯುವುದಿಲ್ಲ. ಆದರೆ ಸಿಂಟೆಕ್ಸ್ ಟ್ಯಾಂಕಿನ ಅಂಚಿನಲ್ಲಿ ನಿಂತು ಡಿಶ್ ಹಿಡಿದವರು ಜುಮ್ಮೆಂದ ಕ್ಷಣ ಕೈ ಬಿಟ್ಟರೆ ಬೀಳುತ್ತಾರೆ.

ಅದು ಈ ಸೋರಿಕೆಯೋ, ನಿಜವಾದ ಫೇಸ್ ಬಂದಿದೆಯೋ ತಿಳಿಯದೆ ಮುಂದುವರಿಯಬಾರದು. ಕೈಯಿಂದ ಮುಟ್ಟಿ ನೋಡುವ ಕೆಲಸ ಎಂದಿಗೂ ಬೇಡ. ಒಂದೊಂದೇ ಪ್ಲಗ್ ಕೀಳುತ್ತಾ ಮೀಟರ್ ನೋಡಿ, ಯಾವುದನ್ನು ಕಿತ್ತಾಗ ಇಳಿಯಿತು ಎಂಬುದು ಮೂಲ ತೋರಿಸುತ್ತದೆ. ಖಚಿತಕ್ಕೆ ಮೀಟರಿನ ಎರಡು ಕಡ್ಡಿಗಳ ನಡುವೆ 10 ಕಿಲೋಓಂ, 10 ವ್ಯಾಟಿನ ರೆಸಿಸ್ಟರ್ ಒಂದನ್ನು ಅಡ್ಡ ಕಟ್ಟಿ ಮತ್ತೆ ಅಳೆಯಿರಿ. ಸೋರಿಕೆಯಾದರೆ ನೂರು ವೋಲ್ಟ್ ಬಿದ್ದು ಕೆಲವೇ ವೋಲ್ಟಿಗೆ ಇಳಿಯುತ್ತದೆ. ಇಳಿಯದಿದ್ದರೆ ಮುಖ್ಯ ಸ್ವಿಚ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಸಿ. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ಟಿನ ಮೇಲಿನ ತೂತಿಗೆ ತಂತಿಯೇ ಇರುವುದಿಲ್ಲ. ಕೆಲವು ಕಡೆ ಅದನ್ನು ನ್ಯೂಟ್ರಲ್ಲಿಗೆ ಸೇರಿಸಿರುತ್ತಾರೆ, ಇದು ಇನ್ನೂ ಅಪಾಯ: ನ್ಯೂಟ್ರಲ್ ಎಲ್ಲಾದರೂ ಕಡಿದರೆ ಟಿವಿಯ ಮೈಯಿಂದ ತಾರಸಿಯ ಡಿಶ್‌ವರೆಗೆ ಎಲ್ಲವೂ ಫೇಸ್ ಆಗುತ್ತದೆ. ಸೋರಿಕೆ ಕಂಡ ಕೂಡಲೇ ಕರೆಂಟು ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಸ್ವಿಚ್ ಇಲ್ಲದ ಮನೆಗೆ ಮೊದಲು ಅದನ್ನು ಹಾಕಿಸಿ, ಡಿಶ್ ಆಮೇಲೆ.

ಅರ್ತಿಂಗ್ ಸರಿಯಿದ್ದರೆ ಜುಮ್ಮೆನ್ನುವುದು ತಾನಾಗಿ ಹೋಗುತ್ತದೆ. ಕೇಬಲ್ ಮನೆಯೊಳಗೆ ನುಗ್ಗುವ ಜಾಗದಲ್ಲಿ ಒಂದು ಅರ್ತಿಂಗ್ ಬ್ಲಾಕ್ ಹಾಕಿ, ಅದರ ಸ್ಕ್ರೂನಿಂದಲೂ ಡಿಶ್ಶಿನ ಕಂಬದಿಂದಲೂ ಹಸಿರು ತಂತಿ ಎಳೆದು ಮನೆಯ ಅರ್ತ್ ಗುಂಡಿಗೇ ಸೇರಿಸಬೇಕು. ಸೋರಿಕೆ ತಡೆಯಲು 4 ಚದರ ಮಿ.ಮೀ. ತಾಮ್ರ ಸಾಕು, ಸಿಡಿಲಿನ ದೃಷ್ಟಿಯಿಂದ ಕಂಬಕ್ಕೆ 16 ಚದರ ಮಿ.ಮೀ. ಬೇಕು. ಡಿಶ್‌ಗೆಂದೇ ಬೇರೆ ಗುಂಡಿ ತೆಗೆದು, ಮನೆಯ ಅರ್ತ್‌ಗೆ ಸೇರಿಸದೆ ಬಿಡುವುದನ್ನು ಕಾಣುತ್ತೇವೆ. ಹತ್ತಿರದಲ್ಲೆಲ್ಲೋ ಸಿಡಿಲು ಬಿದ್ದಾಗ ಎರಡು ಗುಂಡಿಗಳ ನಡುವೆ ಸಾವಿರಾರು ವೋಲ್ಟ್ ಏಳುತ್ತದೆ, ಅವೆರಡನ್ನೂ ಸೇರಿಸುವ ಸೇತುವೆಯಾಗಿ ನಿಮ್ಮ ಬಾಕ್ಸು ಮತ್ತು ಟಿವಿ ಕೂತಿರುತ್ತವೆ. ಸಿಡಿಲಿನ ವೋಲ್ಟೇಜನ್ನು ಅರ್ತ್‌ಗೆ ಹರಿಸುವ ಗ್ಯಾಸ್ ಟ್ಯೂಬಿನ ಸರ್ಜ್ ಅರೆಸ್ಟರ್ ಹಾಕಿದರೂ ಅರ್ತ್ ಸೇರದಿದ್ದರೆ ಅದು ಬರೀ ಇನ್ನೊಂದು ಜಾಯಿಂಟ್.

ಅಶ್ವಿನಿ, ಭರಣಿ ಮಳೆಗಳ ಗುಡುಗಿನ ಕಾಲದಲ್ಲಿ ಮೋಡ ಕಟ್ಟುತ್ತಿರುವಾಗಲೇ ಅಡಾಪ್ಟರ್ ಕಿತ್ತು, ಬಾಕ್ಸಿನ ಹಿಂದಿನ ಕೇಬಲ್ಲನ್ನೂ ಬಿಚ್ಚಿ ದೂರ ಇಡಬೇಕು. ಪ್ಲಗ್ ಮಾತ್ರ ಕಿತ್ತರೆ ತಾರಸಿಯ ದಾರಿ ತೆರೆದೇ ಇರುತ್ತದೆ. ಗುಡುಗು ಶುರುವಾದ ಮೇಲೆ ಆ ಕೇಬಲ್ ಮುಟ್ಟಬೇಡಿ, ಬಾಕ್ಸು ಹೋದರೆ ಹೋಗಲಿ.

ಒಂದು ಡಿಶ್‌ಗೆ ಎರಡು ಬಾಕ್ಸು ಜೋಡಿಸುವವರು ಸ್ಪ್ಲಿಟರ್ ತಂದು ಸಿಕ್ಕಿಹಾಕಿಕೊಳ್ಳುತ್ತಾರೆ. ಒಂದು ಬಾಕ್ಸು 13, ಇನ್ನೊಂದು 18 ಕಳಿಸಿದಾಗ ಮೇಲೆ ಗೆಲ್ಲುವುದು 18. ಒಳಕೋಣೆಯಲ್ಲಿ ಹಾರಿಜಾಂಟಲ್ ಚಾನೆಲ್ ನೋಡಿದ ಕೂಡಲೇ ಹಾಲಿನ ವರ್ಟಿಕಲ್ ಚಾನೆಲ್ ಮಾಯ. ಡಯೋಡ್ ಇಲ್ಲದ ಸ್ಪ್ಲಿಟರ್ ಆದರೆ ಒಂದು ಬಾಕ್ಸಿನ ವೋಲ್ಟೇಜು ಇನ್ನೊಂದರೊಳಕ್ಕೂ ನುಗ್ಗುತ್ತದೆ. ಇದಕ್ಕೆ ಸರಿಯಾದ ಉತ್ತರ ಎರಡು ಔಟ್‌ಪುಟ್ಟಿನ ಎಲ್‌ಎನ್‌ಬಿ ಮತ್ತು ಎರಡು ಪ್ರತ್ಯೇಕ ಕೇಬಲ್.

ದೊಡ್ಡ ಛತ್ರಿ ತಿರುಗಿಸುವ ಮೋಟಾರು, ಅಂದರೆ 36 ವೋಲ್ಟಿನ ಆ್ಯಕ್ಚುಯೇಟರಿನ ವಿದ್ಯುತ್ತು ಈ ಕೇಬಲ್ಲಿನಲ್ಲಿ ಹೋಗುವುದಲ್ಲ. ಅದಕ್ಕೆ ಅದನ್ನು ನಡೆಸುವ ಬೇರೆ ಪೊಸಿಷನರ್ ಪೆಟ್ಟಿಗೆ, ಬೇರೆ ತಂತಿ, ಬೇರೆ ಫ್ಯೂಸ್. ಎಷ್ಟು ತಿರುಗಿತು ಎಂದು ಎಣಿಸುವ ಸೆನ್ಸರಿನ ತಂತಿಗಳನ್ನು ಮೋಟಾರಿನ ತಂತಿಗೆ ಅದಲುಬದಲು ಮಾಡಿದರೆ ಸೆನ್ಸರ್ ಆ ಕ್ಷಣವೇ ಸುಡುತ್ತದೆ. ಬಣ್ಣ ಬರೆದಿಟ್ಟುಕೊಂಡೇ ಬಿಚ್ಚಿ.

ಕರೆಂಟು ಹೋದಾಗ ನೋಡಲೆಂದು ಸೋಲಾರ್ ಬ್ಯಾಟರಿಯಿಂದ ನೇರ ಬಾಕ್ಸಿಗೆ ತಂತಿ ಎಳೆಯುವ ಹಳ್ಳಿಮನೆಗಳಿವೆ. 12 ವೋಲ್ಟ್ ಬ್ಯಾಟರಿ ಎಂಬುದು ಹೆಸರಿಗೆ. ಚಾರ್ಜ್ ಆಗುವಾಗ ಅದು 14.4 ದಾಟುತ್ತದೆ, ಬರಿದಾದಾಗ 10.5ಕ್ಕೆ ಇಳಿಯುತ್ತದೆ. ನಡುವೆ 12 ವೋಲ್ಟನ್ನು ಸ್ಥಿರವಾಗಿಡುವ, ಏರಿಸಲೂ ಇಳಿಸಲೂ ಬಲ್ಲ 3 ಆಂಪಿನ ಡಿಸಿ ಕನ್ವರ್ಟರ್ ಹಾಕಿ. ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ 3 ಆಂಪಿನ ಫ್ಯೂಸ್ ಇರಲೇಬೇಕು. ಆ ಬ್ಯಾಟರಿ ಶಾರ್ಟ್ ಆದರೆ ನೂರಾರು ಆಂಪ್ ಹರಿಸಿ ತಂತಿಯನ್ನೇ ಬೆಂಕಿ ಮಾಡುತ್ತದೆ. 5 ಮೀಟರ್ ದೂರಕ್ಕೆ 1.5 ಚದರ ಮಿ.ಮೀ. ತಂತಿ ಹಾಕಿದರೆ, ಒಂದೂವರೆ ಆಂಪಿಗೆ ಕಳೆಯುವುದು 0.2 ವೋಲ್ಟಿಗಿಂತ ಕಡಿಮೆ.

ಬಾಕ್ಸು ಬದಿಗಿಟ್ಟು ಹೊರಗಿನಿಂದ ಎಲ್‌ಎನ್‌ಬಿಗೆ ವಿದ್ಯುತ್ ಕೊಡುವವರಿಗೆ ಒಂದು ಮಾತು. ಹ್ಯಾಮ್ ರೇಡಿಯೋ ಗೆಳೆಯರು ಕತಾರಿನ ಎಸ್‌ಹೈಲ್-2 ಉಪಗ್ರಹದ ಹವ್ಯಾಸಿ ಟ್ರಾನ್ಸ್‌ಪಾಂಡರ್ ಕೇಳಲು ಹೀಗೆ ಮಾಡುತ್ತಾರೆ. 10489.5 ಮೆಗಾಹರ್ಟ್ಸ್ ಸಿಗ್ನಲ್ ಸಾಮಾನ್ಯ ಎಲ್‌ಎನ್‌ಬಿಯಿಂದ 739.5ಕ್ಕೆ ಇಳಿದು ಕಂಪ್ಯೂಟರಿಗೆ ಚುಚ್ಚುವ ರೇಡಿಯೋ ರಿಸೀವರ್, ಅಂದರೆ ಅಗ್ಗದ ಎಸ್‌ಡಿಆರ್ ಡಾಂಗಲ್ಲಿಗೆ ಸಿಗುತ್ತದೆ. ಕೆಲವು ಡಾಂಗಲ್ಲುಗಳೇ ಕೊಡುವ 4.5 ವೋಲ್ಟ್ ಎಲ್‌ಎನ್‌ಬಿಗೆ ಸಾಲದು. ಕೇಬಲ್ ನಡುವೆ ಪವರ್ ಇನ್ಸರ್ಟರ್ ಹಾಕಿ 12–13 ವೋಲ್ಟ್ ಕೊಡಬೇಕು, ಡಾಂಗಲ್ ಕಡೆಯ ಬಾಯಲ್ಲಿ ಆ ವೋಲ್ಟೇಜನ್ನು ತಡೆಯುವ ಡಿಸಿ ಬ್ಲಾಕ್ ಇದೆಯೇ ಎಂದು ಜೋಡಿಸುವ ಮುಂಚೆ ಮೀಟರಿನಿಂದ ನೋಡಬೇಕು. ಅಲ್ಲಿ 0 ತೋರಿಸದಿದ್ದರೆ ಡಾಂಗಲ್ ಉಳಿಯುವುದಿಲ್ಲ. ಇದೇ ಇನ್ಸರ್ಟರನ್ನು ಡೈಸೆಕ್ ಇರುವ ಜೋಡಣೆಗೆ ಬಳಸಬೇಡಿ. ಬಾಕ್ಸು ತನ್ನ 22 ಕಿಲೋಹರ್ಟ್ಸ್ ಕಂಪನವನ್ನು 15 ಓಂ ಅಡ್ಡಿಯ ಮೂಲಕ ಕಳಿಸುತ್ತದೆ, ಹೊರಗಿನ ಪವರ್ ಸಪ್ಲೈಯ ದೊಡ್ಡ ಕೆಪಾಸಿಟರ್ ಅದನ್ನು ನುಂಗಿಹಾಕುತ್ತದೆ. ವೋಲ್ಟೇಜ್ ಸರಿಯಿದ್ದೂ ಸ್ವಿಚ್ ಕದಲುವುದಿಲ್ಲ.

ಕೆಲಸ ಮುಗಿದ ಮೇಲೆ ಬಾಕ್ಸಿನ ತಳಕ್ಕೆ ಒಂದು ತುಂಡು ಬಿಳಿ ಟೇಪ್ ಅಂಟಿಸಿ ನಾಲ್ಕು ಅಂಕಿ ಬರೆಯುತ್ತೇವೆ: ದಿನಾಂಕ, ಕೇಬಲ್ಲಿನ ಓಂ, ಮೇಲೆ ಸಿಕ್ಕ ವರ್ಟಿಕಲ್ ವೋಲ್ಟ್, ಹಾರಿಜಾಂಟಲ್ ವೋಲ್ಟ್. ಮುಂದಿನ ಮಳೆಗಾಲ ಕಳೆದು ಓಂ ಏರಿದ್ದರೆ ಬಿಚ್ಚಬೇಕಾದದ್ದು ಜಾಯಿಂಟ್. ಓಂ ಅಷ್ಟೇ ಇದ್ದು ವೋಲ್ಟ್ ಇಳಿದಿದ್ದರೆ ಅಡಾಪ್ಟರ್.